ರಸಪ್ರಶ್ನೆಯ ಕುರ್ಚಿ

ಟೆಲಿವಿಷನ್ನಿನ ಮುಂದೆ ಕುಳಿತವನಿಗೆ ತಿಳಿಯದ ಸಂಗತಿಯೆಂಬುದು ಈ ಪ್ರಪಂಚದಲ್ಲಿ ಯಾವುದೂ ಇಲ್ಲ. ಕ್ರಿಕೆಟ್ ಪಂದ್ಯವನ್ನು ನೋಡುವಾಗ ಚೆಂಡನ್ನು ಎಲ್ಲಿಗೆ ಎಸೆಯಬೇಕಾಗಿದ್ದಿತೆಂಬುದನ್ನು ಅವನು ಬಲ್ಲ. ಚುನಾವಣೆಯ ಚರ್ಚೆಯನ್ನು ಕೇಳುವಾಗ ದೇಶವನ್ನು ಹೇಗೆ ಆಳಬೇಕೆಂಬುದನ್ನೂ ಬಲ್ಲ. ಆದರೆ ಅವನ ಸರ್ವಜ್ಞತ್ವವು ಶಿಖರವನ್ನು ಮುಟ್ಟುವುದು ರಸಪ್ರಶ್ನೆಯ ಕಾರ್ಯಕ್ರಮ ನಡೆಯುವಾಗ. ತೆರೆಯ ಮೇಲೆ ಯಾರೋ ಒಬ್ಬ ಬಡಪಾಯಿ ತುಟಿ ಕಚ್ಚಿ, ಹಣೆ ಒರಸಿಕೊಂಡು, ಛಾವಣಿಯ ಕಡೆಗೆ ನೋಡುತ್ತಿರುತ್ತಾನೆ. ಇಲ್ಲಿ ನಮ್ಮ ಮಹಾಶಯನು ಚಕ್ಕುಲಿಯನ್ನು ಮುರಿಯುತ್ತಾ, "ಇಷ್ಟೂ ತಿಳಿಯದವನು ಅಲ್ಲಿಗೇಕೆ ಹೋಗಿ ಕುಳಿತನೋ!" ಎಂದು ಮರುಗುತ್ತಾನೆ. ತಾನು ಹೇಳಿದ ಉತ್ತರ ಸರಿಯಾದರೆ ಅದನ್ನು ಮನೆಮಂದಿಗೆಲ್ಲ ಮೂರು ಬಾರಿ ಜ್ಞಾಪಿಸುತ್ತಾನೆ; ತಪ್ಪಾದರೆ ಚಕ್ಕುಲಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಿರುವುದಿಲ್ಲ.

ಗಾಜಿನ ಈಚೆಯ ಈ ಸುಖವನ್ನು ಬಹುಕಾಲ ಅನುಭವಿಸಿದ ನಾನು 2008ರಲ್ಲಿ ಒಂದು ದಿನ ಗಾಜಿನ ಆಚೆಗೂ ಹೋಗಿ ಕುಳಿತು ಬಂದೆ. ಯಾವ ವಾಹಿನಿ, ಯಾವ ಕಾರ್ಯಕ್ರಮ ಎಂಬುದು ಇಲ್ಲಿ ಮುಖ್ಯವಲ್ಲ. ಅದು ಬಹುಕಾಲ ಬಾಳಲಿಲ್ಲ. ಇಂದು ಅದರ ಹೆಸರನ್ನು ಹೇಳಿದರೂ ವಾಚಕರಿಗೆ ನೆನಪಾಗಲಾರದು. ನಾನು ಹೇಳಹೊರಟಿರುವುದು ಅಲ್ಲಿ ನನಗೆ ಸಂದ ಬಹುಮಾನದ ಸಂಗತಿಯನ್ನೂ ಅಲ್ಲ. ಪ್ರಶ್ನೆ ಕೇಳಿಸಿಕೊಳ್ಳುವುದು ಎಷ್ಟು ದೊಡ್ಡ ಮರ್ಯಾದೆ ಎಂಬುದು ಆ ದಿನ ನನಗೆ ತಿಳಿಯಿತು; ಅದನ್ನು ಹೇಳಬೇಕೆಂಬುದಷ್ಟೇ ನನ್ನ ಇಚ್ಛೆ.

ರಸಪ್ರಶ್ನೆಯ ಹುಚ್ಚು ನಮ್ಮ ದೇಶಕ್ಕೆ ಹೊಸದಲ್ಲ. 1967ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ಅವರು ಒಂದು ಚರ್ಚಿನ ಸಭಾಂಗಣದಲ್ಲಿ ನಡೆಸಿದ ಸ್ಪರ್ಧೆಯನ್ನು ಭಾರತದ ಮೊದಲ ಸಾರ್ವಜನಿಕ ಕ್ವಿಜ್ ಎಂದು ಹೇಳುತ್ತಾರೆ. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಆರಂಭವಾದಾಗ ಟೆಲಿವಿಷನ್ ಇದ್ದ ಮನೆಗಳಲ್ಲಿ ಅಡಿಗೆಯ ಒಲೆ ಅರ್ಧ ಗಂಟೆ ತಣ್ಣಗಾಗುತ್ತಿತ್ತು. 2000ದ ಜುಲೈ 3ರಂದು ಅಮಿತಾಭ್ ಬಚ್ಚನ್ ಅವರು 'ಕೌನ್ ಬನೇಗಾ ಕರೋಡ್‌ಪತಿ'ಯನ್ನು ತೊಡಗಿಸಿದ ಮೇಲೆ ಪ್ರಶ್ನೆಗೂ ಕೋಟಿ ರೂಪಾಯಿಗೂ ನಂಟು ಬೆಳೆಯಿತು. ಆದರೆ ನಮ್ಮ ಕನ್ನಡದಲ್ಲಿ ಇದಕ್ಕೆ ಬೇರೊಂದು ದಾರಿ ಒದಗಿತು. 2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ ಡಾಕ್ಟರ್ ನಾ. ಸೋಮೇಶ್ವರ ಅವರು ಆರಂಭಿಸಿದ 'ಥಟ್ ಅಂತ ಹೇಳಿ' ಕಾರ್ಯಕ್ರಮದಲ್ಲಿ ಬಹುಮಾನವಾಗಿ ಕೊಟ್ಟುದು ಹಣವನ್ನಲ್ಲ, ಕನ್ನಡ ಪುಸ್ತಕಗಳನ್ನು. ಅದು ಮೂರು ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ದಾಟಿತೆಂದರೆ, ಪುಸ್ತಕಕ್ಕಾಗಿ ಎದೆ ಡವಗುಟ್ಟಿಸಿಕೊಳ್ಳುವ ಜನ ಈ ನಾಡಿನಲ್ಲಿ ಕಡಮೆಯಿಲ್ಲವೆಂದಾಯಿತು.

ಅಂಥವರಲ್ಲಿ ಒಬ್ಬಳು ನಮ್ಮ ಅಕ್ಕ.

ಅಕ್ಕ ನನಗಿಂತ ಎಂಟು ವರ್ಷ ಹಿರಿಯಳು. ಅವಳು ಟೆಲಿವಿಷನ್ನಿನ ಎದುರಿಗೆ ಕುಳಿತು ರಸಪ್ರಶ್ನೆಯನ್ನು ನೋಡಿದುದನ್ನು ನಾನು ಕಂಡೇ ಇಲ್ಲ. ರಾಜಾಜಿನಗರದ ನಮ್ಮ ಮನೆಯಲ್ಲಿ ಅಡಿಗೆಮನೆಯ ಹೊಸಲಿನ ಬಳಿ ಒಂದು ಮಣೆ. ಮಣೆಯ ಮೇಲೆ ಅಕ್ಕ. ಅವಳ ಮುಂದೆ ಅವರೆಕಾಯಿಯೋ ಹುರುಳಿಕಾಯಿಯೋ, ಕಾಲಕ್ಕೆ ತಕ್ಕಂತೆ. ಅಲ್ಲಿಂದ ತೆರೆ ಕಾಣಿಸುವುದಿಲ್ಲ, ಧ್ವನಿ ಮಾತ್ರ ಕೇಳಿಸುತ್ತದೆ. ಪ್ರಶ್ನೆ ಪೂರ್ತಿಯಾಗುವ ಮೊದಲೇ ಹೊಸಲಿನ ಕಡೆಯಿಂದ ಉತ್ತರ ಬರುತ್ತಿತ್ತು. ನನ್ನ ಮಕ್ಕಳು ಅದಕ್ಕೆ 'ಅಡಿಗೆಮನೆಯ ಅಶರೀರವಾಣಿ' ಎಂದು ಹೆಸರಿಟ್ಟಿದ್ದರು. ಸ್ಪರ್ಧಿಗಳು ಆ ಉತ್ತರವನ್ನು ಹೇಳಿದರೆ ಅಕ್ಕ ಸುಮ್ಮನಿರುತ್ತಿದ್ದಳು. ಹೇಳದೆ ಹೋದರೆ, "ಪಾಪ, ನಾಲಿಗೆಯ ತುದಿಯಲ್ಲಿತ್ತು ಅವನಿಗೆ" ಎನ್ನುತ್ತಿದ್ದಳು. ಒಬ್ಬರನ್ನಾದರೂ ಅವಳು ದಡ್ಡರೆಂದು ಕರೆದುದಿಲ್ಲ.

ಇಷ್ಟು ಬಲ್ಲವಳು ಓದಿದುದು ಎಸ್.ಎಸ್.ಎಲ್.ಸಿ.ಯವರೆಗೆ. 1968ರಲ್ಲಿ ಅರಸೀಕೆರೆಯಲ್ಲಿ ಅವಳು ಆ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದ ವರ್ಷವೇ ತಾಯಿಯವರು ಹಾಸಿಗೆ ಹಿಡಿದರು. ಮನೆಗೆ ಒಬ್ಬರು ಬೇಕಾಗಿದ್ದಿತು. ಯಾರು ಎಂದು ಯಾರೂ ಚರ್ಚಿಸಲಿಲ್ಲ. ಅಂಥ ಸಂಗತಿಗಳನ್ನು ಆ ಕಾಲದ ಮನೆಗಳಲ್ಲಿ ಚರ್ಚಿಸುತ್ತಿರಲಿಲ್ಲ. ಕಾಲೇಜಿಗೆಂದು ತಂದೆಯವರು ಕೂಡಿಟ್ಟಿದ್ದ ಹಣ ಔಷಧಕ್ಕಾಯಿತು. ಉಳಿದುದು ಹತ್ತು ವರ್ಷಗಳ ಅನಂತರ ನನಗಾಯಿತು. ಅಕ್ಕನ ಬಾಯಿಂದ ಈ ವಿಷಯವಾಗಿ ಒಂದು ಮಾತೂ ಹೊರಡಲಿಲ್ಲ. ಆದರೆ ಅವಳು ಮಾಡಿದ ಕೆಲಸವೊಂದಿದೆ. ಸಂಜೆಯಾದೊಡನೆ ನನ್ನನ್ನು ಒರಳುಕಲ್ಲಿನ ಪಕ್ಕದಲ್ಲಿ ಕೂರಿಸಿಕೊಂಡು, ಹಿಟ್ಟು ರುಬ್ಬುತ್ತಾ ಪ್ರಶ್ನೆ ಕೇಳುವುದು. ಸರಿಯುತ್ತರಕ್ಕೆ ಒಂದು ಚೂರು ಬೆಲ್ಲ. ತಿಳಿಯದೆ ಹೋದರೆ ಅವಳಾಗಿ ಹೇಳುತ್ತಿರಲಿಲ್ಲ. "ನಾಳೆ ಯಾರನ್ನಾದರೂ ಕೇಳಿಕೊಂಡು ಬಾ" ಎಂದು ಕಳುಹಿಸುತ್ತಿದ್ದಳು. ಸ್ಟೇಷನ್ ಮಾಸ್ತರರನ್ನು, ಅಂಚೆಯವನನ್ನು, ದೇವಸ್ಥಾನದ ಅರ್ಚಕರನ್ನು ನಾನು ಹೀಗೆ ಪೀಡಿಸಿದ್ದೇನೆ. ನಾನು ತಂದ ಉತ್ತರವನ್ನು ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಕೆಲವು ಪ್ರಶ್ನೆಗಳಿಗೆ ಉತ್ತರವು ಅವಳಿಗೂ ತಿಳಿದಿರಲಿಲ್ಲವೆಂದೂ, ತಾನು ಹೊರಗೆ ಹೋಗಲಾರದುದರಿಂದ ನನ್ನನ್ನು ಕಳುಹಿಸುತ್ತಿದ್ದಳೆಂದೂ ಬಹಳ ವರ್ಷಗಳ ಮೇಲೆ ನನಗೆ ಹೊಳೆಯಿತು.

1976ರಲ್ಲಿ ಅವಳನ್ನು ಕುಮಟೆಗೆ ಕೊಟ್ಟೆವು. ಭಾವನವರದು ದಿನಸಿ ಅಂಗಡಿ. ಪೊಟ್ಟಣ ಕಟ್ಟುವುದಕ್ಕಾಗಿ ಹಳೆಯ ಪತ್ರಿಕೆಗಳನ್ನು ಮಣಗಟ್ಟಲೆ ಕೊಳ್ಳುತ್ತಿದ್ದರು. ಅವು ಹರಿದು ಚೂರಾಗುವ ಮೊದಲು ಅಕ್ಕನ ಕಣ್ಣಿನಿಂದ ಹಾದುಹೋಗಬೇಕಾಗಿದ್ದಿತು. ಅದೇ ಅವಳ ಕಾಲೇಜು, ಅದೇ ಅವಳ ವಿಶ್ವವಿದ್ಯಾನಿಲಯ. ಒಂದೇ ತೊಂದರೆಯೆಂದರೆ, ಅಲ್ಲಿ ಪಾಠಗಳು ಕ್ರಮವಾಗಿ ಬರುತ್ತಿರಲಿಲ್ಲ. ಒಂದು ಯುದ್ಧದ ಆರಂಭವನ್ನು ಓದಿದರೆ ಅದರ ಮುಕ್ತಾಯವು ಯಾರದೋ ಮನೆಗೆ ಸಾಸಿವೆಯೊಡನೆ ಹೋಗಿರುತ್ತಿತ್ತು. ಧಾರಾವಾಹಿಗಳ ಪಾಡಂತೂ ಕೇಳಬೇಡಿ! ಐದನೆಯ ಕಂತಿನಲ್ಲಿ ಮನೆ ಬಿಟ್ಟು ಹೊರಟ ನಾಯಕಿಯು ಮತ್ತೆ ಕೈಗೆ ಸಿಕ್ಕುವ ಹೊತ್ತಿಗೆ ಮೂರು ಮಕ್ಕಳ ತಾಯಿಯಾಗಿದ್ದಳಂತೆ. ಮಗನೋ ಮಗಳೋ ಇಲ್ಲದ ಅಕ್ಕ, ಭಾವನವರು ಕಾಲವಾದ ಮೇಲೆ, 2004ರಲ್ಲಿ ನಮ್ಮ ಮನೆಗೆ ಬಂದಳು. ಅವಳೊಡನೆ ಬಂದುದು ಒಂದು ಟ್ರಂಕು ಬಟ್ಟೆ, ಒಂದು ಟ್ರಂಕು ಕತ್ತರಿಸಿದ ಪತ್ರಿಕೆಗಳು.

ಸ್ಪರ್ಧಿಗಳು ಬೇಕಾಗಿದ್ದಾರೆಂಬ ಪ್ರಕಟಣೆಯನ್ನು ಕಂಡಾಗ ನಾನು ಅಕ್ಕನ ಹೆಸರಿನಲ್ಲಿಯೇ ಅರ್ಜಿಯ ನಮೂನೆಯನ್ನು ತರಿಸಿದೆ. ಅವಳು ಕನ್ನಡಕವನ್ನು ಹಾಕಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಹೆಸರು, ವಯಸ್ಸು, ವಿಳಾಸ, ಆಮೇಲೆ ವಿದ್ಯಾರ್ಹತೆ, ಅದರ ಕೆಳಗೆ ಉದ್ಯೋಗ. ನಮೂನೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

"ಎಸ್.ಎಸ್.ಎಲ್.ಸಿ. ಎಂದು ಬರೆದರಾಯಿತು, ಅಕ್ಕ. ಅವರು ಪರೀಕ್ಷೆ ಮಾಡುವುದು ಬುದ್ಧಿಯನ್ನು, ಪದವಿಯನ್ನಲ್ಲ."

"ಅದು ಸರಿ. ಅದರ ಕೆಳಗಿನ ಕಲಮಿನಲ್ಲಿ ಏನು ಬರೆಯಲಿ?"

ಒಂದು ವಾರ ವಾದಿಸಿದೆ, ಪ್ರಯೋಜನವಾಗಲಿಲ್ಲ. ಎಂಟನೆಯ ದಿನ ನಾನು ಕಚೇರಿಯಿಂದ ಹಿಂದಿರುಗಿದಾಗ ಅರ್ಜಿಯು ಭರ್ತಿಯಾಗಿ ಮೇಜಿನ ಮೇಲಿದ್ದಿತು. ದುಂಡಗಿನ ಅಕ್ಷರ ಅಕ್ಕನದು. ಹೆಸರು ಮಾತ್ರ ನನ್ನದು. "ನೀನು ಹೋದರೆ ನಾನು ಹೋದಂತೆಯೇ. ಬೆಲ್ಲ ತಿಂದವನು ನೀನಲ್ಲವೇ?" ಎಂದಳು.

ಲಿಖಿತ ಪರೀಕ್ಷೆಯನ್ನು ದಾಟಿದ ಮೇಲೆ ಮೂರು ತಿಂಗಳ ಅವಕಾಶವಿದ್ದಿತು. ಅಕ್ಕ ಇನ್ನೂರು ಪುಟದ ನೋಟುಪುಸ್ತಕವೊಂದರಲ್ಲಿ ಪ್ರಶ್ನೆಗಳನ್ನು ಬರೆಯತೊಡಗಿದಳು. ಉತ್ತರಗಳನ್ನು ಬರೆಯುತ್ತಿರಲಿಲ್ಲ. ಬರೆದರೆ ಕಣ್ಣು ಕಲಿಯುತ್ತದೆಯೇ ಹೊರತು ನೆನಪು ಕಲಿಯುವುದಿಲ್ಲವೆಂಬುದು ಅವಳ ಸಿದ್ಧಾಂತ. ಅವಳು ಯಾವ ಮನಶ್ಶಾಸ್ತ್ರವನ್ನೂ ಓದಿದವಳಲ್ಲ. ಆದರೂ ಅವಳ ಮಾತು ಶಾಸ್ತ್ರಕ್ಕೆ ದೂರವಾಗಿರಲಿಲ್ಲ. ನಾವು 'ನಾಲಿಗೆಯ ತುದಿಯಲ್ಲಿದೆ' ಎನ್ನುವ ಅವಸ್ಥೆಯನ್ನು 1966ರಲ್ಲಿ ರೋಜರ್ ಬ್ರೌನ್, ಡೇವಿಡ್ ಮ್ಯಾಕ್‌ನೀಲ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಪರೀಕ್ಷಿಸಿ ನೋಡಿದರು. ಅಪರೂಪದ ಪದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿ, ಪದವನ್ನು ಹೇಳಿರೆಂದು ಕೇಳಿದರು. ಪದ ಬಾಯಿಗೆ ಬಾರದೆ ತೊಳಲುತ್ತಿದ್ದವರು ಅದರ ಮೊದಲ ಅಕ್ಷರವನ್ನೂ, ಅದರಲ್ಲಿ ಎಷ್ಟು ಉಚ್ಚಾರಭಾಗಗಳಿವೆಯೆಂಬುದನ್ನೂ ಎಷ್ಟೋ ವೇಳೆ ಸರಿಯಾಗಿ ಹೇಳಿದರಂತೆ. ಎಂದರೆ, ಮರೆತುದೆಂದು ನಾವು ತಿಳಿಯುವ ಮಾತು ಎಲ್ಲಿಗೂ ಹೋಗಿರುವುದಿಲ್ಲ. ಬಾಗಿಲ ಹಿಂದೆಯೇ ನಿಂತಿರುತ್ತದೆ. "ಮೊದಲ ಅಕ್ಷರ ಬಂದಿತೆ? ಹಾಗಾದರೆ ಅವಸರಪಡಬೇಡ, ಅದೇ ಬರುತ್ತದೆ" ಎಂದು ಅಕ್ಕ ಹೇಳುತ್ತಿದ್ದುದು ಇದನ್ನೇ.

ಆದರೆ ರಸಪ್ರಶ್ನೆಯ ಕುರ್ಚಿಯಲ್ಲಿ ಅವಸರಪಡದಿರುವುದು ಸುಲಭವಲ್ಲ. ಆ ಕುರ್ಚಿಯ ವಂಶಾವಳಿಯೇ ಭಯಂಕರವಾದುದು. ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ 1972ರಲ್ಲಿ ಆರಂಭವಾದ 'ಮಾಸ್ಟರ್‌ಮೈಂಡ್' ಎಂಬ ಪ್ರಸಿದ್ಧ ಸ್ಪರ್ಧೆಯಲ್ಲಿ ಕತ್ತಲ ನಡುವೆ ಒಂದು ಕಪ್ಪು ಕುರ್ಚಿ, ಅದರ ಮೇಲೆ ಕಣ್ಣು ಕೋರೈಸುವ ಬೆಳಕು. ಅದನ್ನು ಕಲ್ಪಿಸಿದ ಬಿಲ್ ರೈಟ್ ಎಂಬಾತನು ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ ಜರ್ಮನಿಯ ಗೆಸ್ಟಾಪೋ ಪೋಲೀಸರ ವಿಚಾರಣೆಗೆ ಗುರಿಯಾಗಿದ್ದವನು. ಆ ವಿಚಾರಣೆಯ ನೆನಪೇ ಸ್ಪರ್ಧೆಯ ರೂಪವನ್ನು ತಾಳಿತು. ನಾವು ಮನೋರಂಜನೆಯೆಂದು ನೋಡುವ ನೋಟ ಮೂಲದಲ್ಲಿ ಒಬ್ಬ ಸೆರೆಯಾಳಿನ ದುಃಸ್ವಪ್ನ.

ಅದಕ್ಕಿಂತ ಮರುಕ ಹುಟ್ಟಿಸುವ ಕಥೆಯೊಂದು ಅಮೆರಿಕದ್ದು. 1956ರಲ್ಲಿ ಅಲ್ಲಿ 'ಟ್ವೆಂಟಿ ಒನ್' ಎಂಬ ರಸಪ್ರಶ್ನೆಯನ್ನು ಕೋಟ್ಯಂತರ ಜನ ನೋಡುತ್ತಿದ್ದರು. ನ್ಯೂಯಾರ್ಕಿನ ಹರ್ಬರ್ಟ್ ಸ್ಟೆಂಪೆಲ್ ಎಂಬ ಬಡ ವಿದ್ಯಾರ್ಥಿಯು ವಾರವಾರವೂ ಗೆಲ್ಲುತ್ತಿದ್ದನು. ಪ್ರಶ್ನೋತ್ತರಗಳನ್ನು ಕಾರ್ಯಕ್ರಮದವರು ಅವನಿಗೆ ಮೊದಲೇ ತಿಳಿಸುತ್ತಿದ್ದರು. ಯಾವಾಗ ಹಣೆ ಒರಸಿಕೊಳ್ಳಬೇಕೆಂಬುದನ್ನೂ ಹೇಳಿಕೊಡುತ್ತಿದ್ದರು. ಕೊನೆಗೆ ಅವನಿಗಿಂತ ಸುಂದರನೂ ಕುಲೀನನೂ ಆದ ಚಾರ್ಲ್ಸ್ ವಾನ್ ಡೋರೆನ್ ಎಂಬ ಅಧ್ಯಾಪಕನು ದೊರೆತಾಗ, ಸೋಲಬೇಕೆಂದು ಸ್ಟೆಂಪೆಲ್‌ಗೆ ಆಜ್ಞೆಯಾಯಿತು. 1955ನೆಯ ಸಾಲಿನ ಅತ್ಯುತ್ತಮ ಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಪಡೆದುದು ಯಾವುದು ಎಂಬುದು ಪ್ರಶ್ನೆ. 'ಮಾರ್ಟಿ' ಎಂಬುದು ಉತ್ತರ. ಸ್ಟೆಂಪೆಲ್ ಆ ಚಿತ್ರವನ್ನು ಮೂರು ಬಾರಿ ನೋಡಿದ್ದನು. ಅದು ಅವನ ಮೆಚ್ಚಿನ ಚಿತ್ರ. ಆದರೂ ಬೇರೊಂದು ಹೆಸರನ್ನು ಹೇಳಬೇಕಾಯಿತು. ಮೋಸ ಹೊರಬಿದ್ದು, 1959ರ ನವೆಂಬರ್ 2ರಂದು ವಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡನು. ಮರುವರ್ಷ ಇಂಥ ವಂಚನೆಯನ್ನು ತಡೆಯಲು ಶಾಸನವೇ ಬಂದಿತು.

ಈ ಕಥೆಯನ್ನು ಅಕ್ಕನಿಗೆ ಹೇಳಿದಾಗ ಅವಳು ವಾನ್ ಡೋರೆನ್ ವಿಷಯವನ್ನೇ ಎತ್ತಲಿಲ್ಲ. "ಗೊತ್ತಿದ್ದುದನ್ನು ಗೊತ್ತಿಲ್ಲವೆಂದು ಹೇಳಬೇಕಾಯಿತಲ್ಲ, ಆ ಹುಡುಗ ಆ ರಾತ್ರಿ ಊಟ ಮಾಡಿದನೇ?" ಎಂದು ಕೇಳಿದಳು.

ಧ್ವನಿಮುದ್ರಣದ ದಿನ ಸ್ಪರ್ಧಿಯೊಬ್ಬನಿಗೆ ಇಬ್ಬರು ಬಂಧುಗಳನ್ನು ಕರೆತರಬಹುದೆಂದು ಹೇಳಿದ್ದರು. ನನ್ನ ಹೆಂಡತಿಯೂ ಅಕ್ಕನೂ ಬಂದರು. ಅಕ್ಕ ಕುಮಟೆಯ ದಿನಗಳ ಒಂದು ನೀಲಿ ಸೀರೆಯನ್ನು ಉಟ್ಟಿದ್ದಳು. ಸ್ಟುಡಿಯೋ ಎಂದರೆ ಇಂದ್ರನ ಸಭೆಯೆಂದು ತಿಳಿದಿದ್ದ ನಮಗೆ ಅಲ್ಲಿ ಕಂಡುದು ಕಪ್ಪು ಪರದೆಗಳ ಒಂದು ಉಗ್ರಾಣ. ನೆಲದ ತುಂಬ ಹಾವುಗಳಂತೆ ತಂತಿಗಳು. ತೆರೆಯ ಮೇಲೆ ಅಮೃತಶಿಲೆಯಂತೆ ಹೊಳೆಯುವ ಕಂಬವು ಹತ್ತಿರದಿಂದ ನೋಡಿದರೆ ಬಣ್ಣ ಬಳಿದ ರಟ್ಟು. ದೀಪಗಳ ಕೆಳಗೆ ಬೆವರು, ದೀಪಗಳಿಂದ ಎರಡು ಮಾರು ದೂರದಲ್ಲಿ ಚಳಿ. ಒಬ್ಬ ಹುಡುಗ ಬಂದು ನನ್ನ ಮುಖಕ್ಕೆ ಪೌಡರ್ ಬಳಿದನು. ಇನ್ನೊಬ್ಬನು ಅಂಗಿಯೊಳಗೆ ತಂತಿ ಇಳಿಸಿ ಮೈಕ್ರೋಫೋನನ್ನು ಸಿಕ್ಕಿಸಿದನು. ಒಂದೇ ದಿನ ಐದು ಸಂಚಿಕೆಗಳನ್ನು ತಯಾರಿಸುತ್ತಿದ್ದರು. ನಿರೂಪಕರು "ನಾಳೆ ಇದೇ ಸಮಯಕ್ಕೆ ಭೇಟಿಯಾಗೋಣ" ಎಂದು ಕೈಮುಗಿದು ಒಳಗೆ ಹೋಗಿ, ಕೋಟನ್ನು ಬದಲಾಯಿಸಿಕೊಂಡು, ಹತ್ತು ನಿಮಿಷಗಳಲ್ಲಿ 'ನಾಳೆ'ಯಾಗಿ ಹೊರಗೆ ಬರುತ್ತಿದ್ದರು. ನಾನು ಮೂರನೆಯ 'ನಾಳೆ'ಯ ಸ್ಪರ್ಧಿ. ಬೆಳಗಿನ ಒಂಬತ್ತಕ್ಕೆ ಹೋದ ನಮ್ಮ ಸರದಿ ಬಂದುದು ಮಧ್ಯಾಹ್ನ ಮೂರರ ಮೇಲೆ.

ಆರಂಭಕ್ಕೆ ಮೊದಲು ಒಬ್ಬ ತರುಣಿಯು ಪ್ರೇಕ್ಷಕರಿಗೆ ಎಚ್ಚರಿಕೆ ಕೊಟ್ಟಳು: ಮಾತನಾಡಬಾರದು, ಸನ್ನೆ ಮಾಡಬಾರದು, ತುಟಿಯನ್ನೂ ಅಲುಗಿಸಬಾರದು. ನಾನು ಅಕ್ಕನ ಕಡೆಗೆ ನೋಡಿದೆ. ಅವಳು ಸೆರಗನ್ನು ಎಳೆದುಕೊಂಡು ಬಾಯಿಗೆ ಒತ್ತಿ ಹಿಡಿದಳು.

ಮೂವರು ಸ್ಪರ್ಧಿಗಳು. ನನ್ನ ಎಡಕ್ಕೆ ಮೈಸೂರಿನ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಬಲಕ್ಕೆ ಕೋಲಾರದ ಕಾಲೇಜಿನ ಉಪನ್ಯಾಸಕರು. ಪ್ರತಿಯೊಬ್ಬರ ಮುಂದೆಯೂ ಒಂದು ಗುಂಡಿ. ಆ ಗುಂಡಿಯ ಏರ್ಪಾಡು ಬಹು ಸರಳ, ಬಹು ಕ್ರೂರ. ಯಾರು ಮೊದಲು ಒತ್ತುವರೋ ಅವರ ದೀಪ ಹೊತ್ತಿಕೊಳ್ಳುತ್ತದೆ. ಆ ಕ್ಷಣದಲ್ಲಿಯೇ ಮಿಕ್ಕವರ ಗುಂಡಿಗಳು ಸತ್ತುಹೋಗುತ್ತವೆ. ನೀವು ಕಣ್ಣೆವೆಯಷ್ಟು ತಡಮಾಡಿದರೆ ನಿಮ್ಮ ಜ್ಞಾನಕ್ಕೆ ದಾಖಲೆಯೇ ಇಲ್ಲ. ಆದಕಾರಣ ನುರಿತ ಸ್ಪರ್ಧಿಗಳು ಉತ್ತರ ತಿಳಿದ ಮೇಲೆ ಒತ್ತುವುದಿಲ್ಲ. ಉತ್ತರ ತಿಳಿಯಲಿದೆಯೆಂದು ತೋರಿದೊಡನೆ ಒತ್ತುತ್ತಾರೆ. ಆ ವಿದ್ಯಾರ್ಥಿನಿಯ ಹೆಬ್ಬೆರಳಿನಲ್ಲಿ ಈ ವಿದ್ಯೆ ಪೂರ್ಣವಾಗಿ ನೆಲೆಸಿದ್ದಿತು.

ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟುದು ಎಲ್ಲಿಂದ? ನನ್ನ ದೀಪ ಹೊತ್ತಿತು. ಮಂಗಳೂರು, ಹರ್ಮನ್ ಮ್ಯೋಗ್ಲಿಂಗ್ ಅವರ 'ಮಂಗಳೂರು ಸಮಾಚಾರ'. ಅದು ಆಮೇಲೆ ಬಳ್ಳಾರಿಗೆ ಹೋಗಿ 'ಕಂನಡ ಸಮಾಚಾರ'ವಾಯಿತೆಂಬುದನ್ನೂ ಸೇರಿಸಿದೆ. ಇದು ಅಕ್ಕನ ಟ್ರಂಕಿನಿಂದ ಬಂದುದು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ವನ್ನು ಯಾವ ಊರಿನಲ್ಲಿ ಚಿತ್ರೀಕರಿಸಿದರು? ಕೊಲ್ಹಾಪುರವೆಂದು ವಿದ್ಯಾರ್ಥಿನಿ ಹೇಳಿದಳು. 1934ರ ಚಿತ್ರದ ವಿಷಯ ಹತ್ತೊಂಬತ್ತರ ಹುಡುಗಿಗೆ ತಿಳಿದಿರುವುದನ್ನು ಕಂಡು ನನಗೆ ಸಂತೋಷವೇ ಆಯಿತು. 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟಿನ ಪ್ರಶ್ನೆ ಉಪನ್ಯಾಸಕರ ಪಾಲಾಯಿತು. ಅನಂತರ ಬಂದಿತು: ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದಿಸಿದ ವಿದ್ಯುಚ್ಛಕ್ತಿಯನ್ನು ಮೊಟ್ಟಮೊದಲು ಕಳುಹಿಸಿದುದು ಎಲ್ಲಿಗೆ?

ಒಮ್ಮೆ ಅರಸೀಕೆರೆಯಲ್ಲಿ ದೀಪ ಆರಿದ ರಾತ್ರಿ ಅಕ್ಕ ಚಿಮಣಿಯನ್ನು ಹಚ್ಚುತ್ತಾ ನನ್ನನ್ನು ಇದನ್ನೇ ಕೇಳಿದ್ದಳು. ಬೆಂಗಳೂರೆಂದು ಎಲ್ಲರೂ ಹೇಳುತ್ತಾರೆ. ಆದರೆ ಬೆಂಗಳೂರಿನ ಬೀದಿಗಳಿಗೆ ಆ ದೀಪ ಬಂದುದು 1905ರಲ್ಲಿ. ಮೊದಲು ಹೋದುದು ಕೋಲಾರದ ಚಿನ್ನದ ಗಣಿಗೆ. "ಜನ ಕತ್ತಲಲ್ಲಿದ್ದರೂ ಚಿಂತೆಯಿಲ್ಲ, ಚಿನ್ನಕ್ಕೆ ಬೆಳಕು ಬೇಕು" ಎಂದು ಆಗ ಅಕ್ಕ ನಕ್ಕಿದ್ದಳು. ನಾನು ಗುಂಡಿಯನ್ನು ಒತ್ತಿದೆ. ಕೋಲಾರದ ಉಪನ್ಯಾಸಕರು ನನ್ನ ಕಡೆಗೆ ತಿರುಗಿ, "ನಮ್ಮೂರಿನ ಪ್ರಶ್ನೆಯನ್ನೇ ಕಿತ್ತುಕೊಂಡಿರಲ್ಲ, ಸ್ವಾಮಿ" ಎಂದು ಮೆಲ್ಲನೆ ಹೇಳಿದರು.

ಹೀಗೆ ಮುಂದುವರಿದಂತೆಲ್ಲ ಒಂದು ವಿಚಿತ್ರ ಭಾವನೆ ನನ್ನನ್ನು ಆವರಿಸಿತು. ನಾನು ಹೇಳುತ್ತಿದ್ದ ಒಂದೊಂದು ಉತ್ತರಕ್ಕೂ ಚಪ್ಪಾಳೆ ನನಗೆ ಬೀಳುತ್ತಿದ್ದಿತು. ಆದರೆ ಉತ್ತರದೊಡನೆ ಒರಳಿನ ಸದ್ದೂ ಬೆಲ್ಲದ ರುಚಿಯೂ ಬರುತ್ತಿದ್ದುವು. ಮೂರನೆಯ ಸಾಲಿನಲ್ಲಿ ಸೆರಗಿನ ಹಿಂದೆ ಒಂದು ಬಾಯಿ ಮುಚ್ಚಿಕೊಂಡಿದ್ದಿತು. ಬೆಳಕೆಲ್ಲ ನನ್ನ ಮೇಲಿದ್ದುದರಿಂದ ಆ ಮುಖ ನನಗೆ ಸರಿಯಾಗಿ ಕಾಣಿಸುತ್ತಿರಲಿಲ್ಲ.

ಕೊನೆಯ ಸುತ್ತಿಗೆ ಮೊದಲು ನಿರೂಪಕರು ಒಂದು ಪ್ರಶ್ನೆ ಕೇಳಿದರು: "ಬಟಾಟೆ, ಅನಾನಸು, ಚಾವಿ. ಈ ಮೂರು ಮಾತುಗಳು ಯಾವ ಭಾಷೆಯ ಮೂಲಕ ಕನ್ನಡಕ್ಕೆ ಬಂದುವು?" ನಾವು ಮೂವರೂ ಆಲೂಗೆಡ್ಡೆ, ಬೀಗದ ಕೈ ಎನ್ನುವ ಸೀಮೆಯವರು. ವಿದ್ಯಾರ್ಥಿನಿ ಫ್ರೆಂಚ್ ಎಂದಳು, ಅಲ್ಲ. ಉಪನ್ಯಾಸಕರು ಡಚ್ ಎಂದರು, ಅಲ್ಲ. ಅಕ್ಕನ ಇನ್ನೂರು ಪುಟಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ನನ್ನ ಗುಂಡಿ ಸುಮ್ಮನಿದ್ದಿತು. ನಿರೂಪಕರು ಪ್ರೇಕ್ಷಕರ ಕಡೆಗೆ ತಿರುಗಿ, "ನಿಮ್ಮಲ್ಲಿ ಯಾರಾದರೂ ಬಲ್ಲಿರಾ?" ಎಂದರು.

ಒಂದು ಕ್ಷಣ ಯಾರೂ ಅಲುಗಲಿಲ್ಲ. ಅನಂತರ ಮೂರನೆಯ ಸಾಲಿನಲ್ಲಿ ಒಂದು ಕೈ, ಶಾಲೆಯ ಹುಡುಗಿಯ ಕೈಯಂತೆ, ಭುಜದವರೆಗೆ ಮಾತ್ರ ಮೇಲೆದ್ದಿತು. ಯಾರೋ ಓಡಿಹೋಗಿ ಮೈಕ್ರೋಫೋನನ್ನು ಕೊಟ್ಟರು. ದೀಪವೊಂದು ಹೊರಳಿ ಅಕ್ಕನ ಮೇಲೆ ಬಿದ್ದಿತು. ಅವಳು ಸೆರಗನ್ನು ಸರಿಪಡಿಸಿಕೊಂಡು ಎದ್ದು ನಿಂತಳು.

"ಪೋರ್ಚುಗೀಸ್. ಪಗಾರ ಎಂಬ ಮಾತೂ ಅಲ್ಲಿಂದಲೇ ಬಂದುದು."

ಸಭೆ ನಕ್ಕಿತು. ನಿರೂಪಕರೂ ನಕ್ಕು, "ಅದು ಹೇಗೆ ಬಂದಿತು, ಹೇಳುವಿರಾ?" ಎಂದು ಕೇಳಿದರು. ಅಕ್ಕ ನಿಧಾನವಾಗಿ ಹೇಳಿದಳು: ಗೋವೆಗೆ ಬಂದವರು ಕರಾವಳಿಗೆಲ್ಲ ಸರಕನ್ನು ತಂದರು, ಸರಕಿನೊಡನೆ ಹೆಸರೂ ಬಂದಿತು; ಆದರೆ ಬಟಾಟೆ, ಅನಾನಸು ಎಂಬ ಹೆಸರುಗಳು ಅವರ ಸ್ವಂತವೂ ಅಲ್ಲ, ಅಮೆರಿಕದ ಮೂಲನಿವಾಸಿಗಳಿಂದ ಅವರು ಕಲಿತು ಬಂದವು. "ಕೊಟ್ಟವರ ಹೆಸರು ಹಿಂದೆ ಉಳಿಯಿತು, ತಂದವರ ಹೆಸರು ಮುಂದೆ ಬಂದಿತು" ಎಂದಳು.

"ತಾವು ಅಧ್ಯಾಪಕರೇ?"

"ಅಲ್ಲ. ಮನೆಯಲ್ಲಿದ್ದೇನೆ."

ಜೀವಮಾನದಲ್ಲಿ ಒಂದು ತಿಂಗಳಾದರೂ ಪಗಾರವನ್ನು ಪಡೆಯದವಳು ಆ ಮಾತಿನ ಹುಟ್ಟನ್ನು ಹೇಳಿ ಕುಳಿತಳು. ಅವಳಿಗೆ ಸಂಕ್ಷಿಪ್ತ ಕನ್ನಡ ನಿಘಂಟಿನ ಒಂದು ಪ್ರತಿಯನ್ನು ಕೊಟ್ಟರು. ಅಂದಿನ ಸ್ಪರ್ಧೆಯನ್ನು ವಿದ್ಯಾರ್ಥಿನಿ ಗೆದ್ದಳು. ನನಗೆ ಎರಡನೆಯ ಸ್ಥಾನ.

ಹಿಂದಿರುಗುವಾಗ ಆಟೋರಿಕ್ಷಾದಲ್ಲಿ ನಾನು ಕೇಳಿದೆ: "ಆ ಪ್ರಶ್ನೆಯನ್ನು ನೋಟುಪುಸ್ತಕದಲ್ಲಿ ಏಕೆ ಬರೆಯಲಿಲ್ಲ, ಅಕ್ಕ?"

"ಅದು ಮನೆಯ ಮಾತಲ್ಲವೇ? ಕುಮಟೆಗೆ ಹೋದ ಮೊದಲ ದಿನವೇ ಅತ್ತೆಯವರು ಚಾವಿ ಎಂದರು. ಅದು ಅವರ ಸೊಂಟದಲ್ಲಿದ್ದಿತು. ಮಾತು ಮೊದಲು ಬಂದಿತು, ಚಾವಿ ಕೈಗೆ ಬರುವುದಕ್ಕೆ ಹನ್ನೆರಡು ವರ್ಷವಾಯಿತು. ಇಂಥದನ್ನೆಲ್ಲ ಅವರು ಕೇಳುತ್ತಾರೆಂದು ನನಗೇನು ಗೊತ್ತು!"

ನಾನು ಮಾತನಾಡಲಿಲ್ಲ. ಪತ್ರಿಕೆಯಿಂದ ಬಂದುದು ಜ್ಞಾನ, ಬದುಕಿನಿಂದ ಬಂದುದು ಬರಿಯ ಮನೆಯ ಮಾತು ಎಂದು ಇಷ್ಟು ಬುದ್ಧಿವಂತೆಯೂ ನಂಬಿಕೊಂಡಿದ್ದಳು.

ಕಾರ್ಯಕ್ರಮವು ಪ್ರಸಾರವಾದುದು ಮೂರು ವಾರಗಳ ಮೇಲೆ. ನೆರೆಹೊರೆಯವರೆಲ್ಲ ನಮ್ಮ ಹಜಾರದಲ್ಲಿ ನೆರೆದರು. ಅಂದು ಒತ್ತಾಯ ಮಾಡಿ ಅಕ್ಕನನ್ನು ಹೊಸಲಿನಿಂದ ಎಬ್ಬಿಸಿ ತೆರೆಯ ಎದುರಿಗೆ ಕೂರಿಸಿದೆವು. ಮಂಗಳೂರು ಬಂದಿತು, ಕೋಲಾರ ಬಂದಿತು, ನನ್ನ ಪೌಡರ್ ಬಳಿದ ಮುಖ ಬೇಕಾದುದಕ್ಕಿಂತ ದೊಡ್ಡದಾಗಿ ಬಂದಿತು. ಬಟಾಟೆ ಬರಲಿಲ್ಲ. ಜಾಹೀರಾತಿಗೆ ಎಡೆಮಾಡಿಕೊಡುವುದಕ್ಕಾಗಿ ಆ ಭಾಗವನ್ನು ಕತ್ತರಿಸಿದ್ದರು. ನಾಲ್ಕನೆಯ ಸುತ್ತಿನಿಂದ ಕೊನ‌ೆಯ ಸುತ್ತಿಗೆ ಕಾರ್ಯಕ್ರಮ ಹಾರಿತು; ನಡುವೆ ಒಬ್ಬ ಹೆಂಗಸು ಎದ್ದು ನಿಂತಿದ್ದಳೆಂಬುದಕ್ಕೆ ಗುರುತೇ ಇರಲಿಲ್ಲ.

ನನಗೆ ಸಿಟ್ಟು ಬಂದಿತು. ಆ ರಾತ್ರಿಯೇ ವಾಹಿನಿಯವರಿಗೆ ಪತ್ರ ಬರೆಯಲು ಕುಳಿತೆ. ಅಕ್ಕ ಬಂದು ಲೇಖನಿಯ ಮುಚ್ಚಳವನ್ನು ಹಾಕಿದಳು.

"ತೋರಿಸಲಿಲ್ಲ, ಸರಿ. ಕೇಳಿದುದಂತೂ ಕೇಳಿದರಲ್ಲ" ಎಂದಳು.

ಆ ಮಾತನ್ನು ನಾನು ಈಗಲೂ ಯೋಚಿಸುತ್ತಿರುತ್ತೇನೆ. ಐವತ್ತಾರು ವರ್ಷದ ಬಾಳಿನಲ್ಲಿ ಅವಳನ್ನು ಎಷ್ಟು ಪ್ರಶ್ನೆ ಕೇಳಿರಬಹುದು? ಅಡಿಗೆಯಾಯಿತೆ, ಹಾಲು ಬಂದಿತೆ, ಔಷಧ ಕೊಟ್ಟೆಯಾ, ಬಟ್ಟೆ ಒಣಗಿತೆ. ಲಕ್ಷಾಂತರವಿರಬಹುದು. ಆದರೆ 'ಇದನ್ನು ಬಲ್ಲೆಯಾ?' ಎಂದು, 'ಅದು ಹೇಗೆ, ಹೇಳು' ಎಂದು ಹೊರಗಿನವರು ಕೇಳಿದುದು ಅದೇ ಮೊದಲು. ಸ್ಟೆಂಪೆಲ್ ಎಂಬ ಹುಡುಗನಿಗೆ ಲಕ್ಷ ಲಕ್ಷ ಜನರ ಮುಂದೆ ಕುರ್ಚಿ ದೊರೆಯಿತು, ಆದರೆ ಗೊತ್ತಿದ್ದ ಉತ್ತರವನ್ನು ಹೇಳಲು ಅಪ್ಪಣೆಯಿರಲಿಲ್ಲ. ಅಕ್ಕನಿಗೆ ಕುರ್ಚಿಯಿರಲಿಲ್ಲ, ಉತ್ತರವನ್ನು ಹೇಳಿದಳು, ನೂರು ಜನ ಕೇಳಿದರು. ಇಬ್ಬರಲ್ಲಿ ಯಾರು ಗೆದ್ದರೆಂದು ಕೇಳಿದರೆ ನಾನು ಗುಂಡಿ ಒತ್ತಲು ಅರೆಕ್ಷಣವೂ ತಡಮಾಡುವುದಿಲ್ಲ.

ಆ ನಿಘಂಟು ನಮ್ಮ ಅಡಿಗೆಮನೆಯಲ್ಲಿಯೇ ಇದೆ, ಉಪ್ಪಿನಕಾಯಿಯ ಜಾಡಿಗಳ ಮೇಲಿನ ಹಲಗೆಯಲ್ಲಿ. ಅದಕ್ಕೆ ಕಂದು ಕಾಗದದ ಹೊದಿಕೆ, ಒಳಪುಟದಲ್ಲಿ ಅಕ್ಕನ ದುಂಡಗಿನ ಅಕ್ಷರದಲ್ಲಿ ಹೆಸರು, ದಿನಾಂಕ. ಈಗ ನನ್ನ ಮೊಮ್ಮಗಳು ಶಾಲೆಯಿಂದ ಬಂದೊಡನೆ ಅವಳನ್ನು ಹುಡುಕಿಕೊಂಡು ಹೋಗುತ್ತಾಳೆ. ಹುಡುಗಿಯ ಕೈಯಲ್ಲಿರುವ ಫೋನು ಯಾವ ಪ್ರಶ್ನೆಗೂ ಕ್ಷಣಾರ್ಧದಲ್ಲಿ ಉತ್ತರ ಹೇಳಬಲ್ಲುದು. ಆದರೂ ಅವಳು ಕೇಳುವುದು ಅಕ್ಕನನ್ನೇ. ಫೋನು ಬೆಲ್ಲ ಕೊಡುವುದಿಲ್ಲವೆಂಬುದು ಒಂದು ಕಾರಣವಿರಬಹುದು.

ವಾಚಕ ಮಹಾಶಯರೇ, ನಿಮ್ಮ ಮನೆಯಲ್ಲಿಯೂ ಹೊಸಲಿನ ಬಳಿಯಿಂದಲೋ ಹಿತ್ತಿಲಿನಿಂದಲೋ ಉತ್ತರ ಹೇಳುವವರೊಬ್ಬರು ಇದ್ದೇ ಇರುತ್ತಾರೆ. ಅವರಿಗಾಗಿ ಸ್ಟುಡಿಯೋ ಬೇಡ, ದೀಪ ಬೇಡ, ಕೋಟಿ ರೂಪಾಯಿಯೂ ಬೇಡ. ಇಂದಿನ ಸಂಜೆ ಟೆಲಿವಿಷನ್ನಿನ ಸದ್ದನ್ನು ಸ್ವಲ್ಪ ತಗ್ಗಿಸಿ, ಅವರನ್ನು ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಉದ್ದವಾಗಬಹುದು, ಪೂರ್ತಿಯಾಗಿ ಕೇಳಿಸಿಕೊಳ್ಳುವ ವ್ಯವಧಾನವಿರಲಿ.